ಮಷಿನ್ ನಿಲ್ಲಿಸುವ ಕಥೆ

ನಮ್ಮ ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಒಂದು ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಷಿನ್ನುಗಳು ಹೇಳುತ್ತವೆ. ಕಥೆ ಸಪ್ಪೆಯಾಗಿದ್ದರೆ ಅವು ಒಂದೇ ಸಮನೆ ಓಡುತ್ತವೆ. ಕಥೆಗೆ ಬಿಗಿ ಬಂದ ಹಾಗೆಲ್ಲ ಒಂದೊಂದರದೇ ಸದ್ದು ಕುಗ್ಗುತ್ತದೆ, ಪೆಡಲಿನ ಮೇಲಿನ ಕಾಲು ಮರೆತು ನಿಲ್ಲುತ್ತದೆ, ಸೂಜಿ ಅರ್ಧ ಬಟ್ಟೆಯಲ್ಲೇ ಉಳಿಯುತ್ತದೆ. ಎಲ್ಲಕ್ಕಿಂತ ಕೊನೆಗೆ ನಿಲ್ಲುವುದು ಚಿಕ್ಕಮ್ಮನ ಮಷಿನ್ನು. ಅವಳು ಬಲಗೈಯನ್ನು ಎತ್ತಿ ಗಾಲಿಯ ಮೇಲೆ ಮೆಲ್ಲಗೆ ಅಂಗೈ ಇಡುತ್ತಾಳೆ, ನಿದ್ದೆ ಬಂದ ಮಗುವಿನ ತಲೆಯ ಮೇಲೆ ಇಟ್ಟ ಹಾಗೆ. ಆ ಅಂಗೈ ಗಾಲಿಯ ಮೇಲೆ ಬಂತೆಂದರೆ ಪುಸ್ತಕ ಗೆದ್ದಿತು ಎಂದೇ ಲೆಕ್ಕ.

ಓದುವವಳು ನಾನು. ಬೆಳಗ್ಗೆ ಬಟ್ಟೆ ಕತ್ತರಿಸುವುದು ನನ್ನ ಕೆಲಸ. ಮಧ್ಯಾಹ್ನದ ಊಟದ ಹೊತ್ತಿಗೆ ಅಂದಿನ ಬಟ್ಟೆಯೆಲ್ಲ ತುಂಡಾಗಿ, ಕಟ್ಟಾಗಿ, ಅವರವರ ಮಷಿನ್ನಿನ ಪಕ್ಕ ಸೇರಿರುತ್ತದೆ. ಆಮೇಲೆ ನನ್ನ ಕೈಗೆ ರಜೆ, ಬಾಯಿಗೆ ಕೆಲಸ. ಕತ್ತರಿಸುವ ಮೇಜಿನ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತು, ಮಷಿನ್ನುಗಳ ಗದ್ದಲಕ್ಕಿಂತ ಒಂದು ಕೈ ಮೇಲೆಯೇ ದನಿ ಏರಿಸಿ ಓದುತ್ತೇನೆ. ನನಗಿಂತ ಮೊದಲು ಆ ಕತ್ತರಿ ಹಿಡಿಯುತ್ತಿದ್ದವರು, ಆ ಸ್ಟೂಲಿನ ಮೇಲೆ ಕೂತು ಓದುತ್ತಿದ್ದವರು ಚಿಕ್ಕಪ್ಪ. ಅವರು ತೀರಿಕೊಂಡ ಮೇಲೆ ಎರಡೂ ನನ್ನ ಪಾಲಿಗೆ ಬಂದವು. ಅಂಗಡಿಯಲ್ಲಿ ನನ್ನ ಹೆಸರೇ ‘ಕತ್ತರಿ’ ಎಂದಾಗಿಹೋಗಿದೆ. ಮನೆಯಲ್ಲೂ ಕೆಲವೊಮ್ಮೆ ಬಾಯಿತಪ್ಪಿ ಹಾಗೇ ಕರೆಯುತ್ತಾರೆ.

ಕೇಳುವುದೂ ಒಂದು ಕಸುಬು ಎಂದು ನನಗೆ ತಿಳಿದದ್ದು ಚಿಕ್ಕಮ್ಮನನ್ನು ನೋಡಿ. ಕಥೆಯೊಳಗಿನ ಜನರನ್ನು ಅವಳು ಅಳತೆ ಕೊಡಲು ಬಂದವರನ್ನು ನೋಡುವ ಹಾಗೆ ನೋಡುತ್ತಾಳೆ. ಅವಸರವಿಲ್ಲ, ಯಾರ ಮೇಲೂ ತಾತ್ಸಾರವಿಲ್ಲ. ಮೊದಲನೇ ಅಧ್ಯಾಯದಲ್ಲಿ ಬಾಗಿಲು ತೆರೆದು ಮರೆಯಾದ ಆಳೊಬ್ಬನನ್ನು ನಾವೆಲ್ಲ ಎಂದೋ ಮರೆತಿರುತ್ತೇವೆ. ನಾಯಕ ನಾಯಕಿ ಒಂದಾಗಿ, ನಾವು ಕಣ್ಣೊರೆಸಿಕೊಳ್ಳುತ್ತಿದ್ದರೆ ಅವಳು, “ಅಲ್ಲ ಕತ್ತರಿ, ಆ ಬಾಗಿಲು ತೆಗೆದವನು ಅವತ್ತು ಊಟ ಮಾಡಿದ್ನೋ ಇಲ್ವೋ?” ಎಂದು ಕೇಳುತ್ತಾಳೆ. ಮೊದಮೊದಲು ನಗುತ್ತಿದ್ದೆ. ಈಗ ನಗುವುದಿಲ್ಲ. ಅಂಥ ಕಿವಿ ಸಿಕ್ಕ ಬರಹಗಾರರು ಪುಣ್ಯ ಮಾಡಿದ್ದಾರೆ ಅನ್ನಿಸುತ್ತದೆ, ಅವರಿಗೆ ಅದು ಗೊತ್ತಿಲ್ಲದಿರುವುದು ನೋಡಿ ಸಂಕಟವೂ ಆಗುತ್ತದೆ.

ಲೈಬ್ರರಿಯಿಂದ ಪುಸ್ತಕ ತರುವುದೂ ಅವಳೇ. ಹೆಸರು ನೋಡುವುದಿಲ್ಲ, ಬರೆದವರಾರು ಎಂದು ನೋಡುವುದಿಲ್ಲ. ಪುಸ್ತಕವನ್ನು ಅಡ್ಡ ಹಿಡಿದು ಹಾಳೆಗಳ ಅಂಚು ನೋಡುತ್ತಾಳೆ. ಅಂಚು ಕಪ್ಪಾದಷ್ಟೂ ಅವಳಿಗೆ ಇಷ್ಟ. “ಕೈ ತೊಳ್ಕೊಂಡು ಬರೋಷ್ಟು ತಾಳ್ಮೆ ಯಾರಿಗೂ ಇರ್ಲಿಲ್ಲ ಅಂತ ಅರ್ಥ” ಎನ್ನುತ್ತಾಳೆ. ಹೀಗಾಗಿ ನಮ್ಮಲ್ಲಿ ಪುಸ್ತಕಗಳಲ್ಲಿ ಎರಡೇ ಜಾತಿ. ಒಂದು ಕೊಳೆ ಪುಸ್ತಕ, ಅದು ಒಳ್ಳೆಯದು. ಇನ್ನೊಂದು ಬಿಳಿ ಪುಸ್ತಕ, ಯಾರೂ ಮುಟ್ಟದೆ ಅಚ್ಚಾದ ದಿನದಷ್ಟೇ ಬೆಳ್ಳಗೆ ಉಳಿದದ್ದು. ಕೆಲಸದ ಅವಸರ ಬಿದ್ದಾಗ ಚಿಕ್ಕಮ್ಮ ಬೇಕೆಂದೇ ಬಿಳಿ ಪುಸ್ತಕ ತರುತ್ತಾಳೆ. ಬಿಳಿ ಪುಸ್ತಕ ಓದಿದ ದಿನ ಅಂಗಿಗಳು ರಾಶಿ ಬೀಳುತ್ತವೆ. ಕೊಳೆ ಪುಸ್ತಕದ ದಿನ ಏನಾಗುತ್ತದೆ ಎನ್ನುವುದಕ್ಕೆ ಕಾಲರಮ್ಮನೇ ಸಾಕ್ಷಿ. ಕಾಲರ್ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ, ಮಾತಿನಲ್ಲಂತೂ ಇಲ್ಲವೇ ಇಲ್ಲ. ಒಮ್ಮೆ ಕಥೆಯ ಗುಂಗಿನಲ್ಲಿ ಮಷಿನ್ ನಿಲ್ಲಿಸುವುದನ್ನೂ ಮರೆತು, ಬಾಬಿನ್ನಿನಲ್ಲಿ ದಾರ ಮುಗಿದದ್ದನ್ನೂ ಗಮನಿಸದೆ, ಒಂದಿಡೀ ಕಾಲರಿಗೆ ಬರೀ ತೂತು ಹಾಕಿ ಕೂತಿದ್ದಳು. ಅದನ್ನು ಈಗಲೂ ಗೋಡೆಯ ಮೊಳೆಗೆ ನೇತುಹಾಕಿದ್ದೇವೆ.

ಸ್ವಲ್ಪ ದಿನದ ಹಿಂದೆ ತುಂಬ ಹಳೆಯ ಕಾಲದ ಒಂದು ಕಾದಂಬರಿ ಸಿಕ್ಕಿತ್ತು. ಅದರ ನಾಯಕಿ ಮಹಾ ಮುನಿಸುಗಾತಿ. ಗಂಡನ ಮೇಲೆ ಸಿಟ್ಟು ಬಂದಾಗ ಬರುವುದಿಲ್ಲ, ನೋಡುವುದಿಲ್ಲ, ಉಣ್ಣುವುದಿಲ್ಲ ಎಂದು ನಮ್ಮ ಹಾಗೆ ಉದ್ದುದ್ದ ಹೇಳುತ್ತಿರಲಿಲ್ಲ. “ನಾನು ಬಾರೆ, ನಾನು ನೋಡೆ, ನಾನು ಉಣ್ಣೆ” ಎಂದು ಚುಟುಕಾಗಿ ಮುಗಿಸುತ್ತಿದ್ದಳು. ಕಾಲರಮ್ಮ ಮಷಿನ್ ನಿಲ್ಲಿಸಿ, “ಅವಳು ಉಣ್ಣೆ ಆದ್ರೆ ನಾನು ಹತ್ತಿ” ಎಂದಳು. ನಕ್ಕು ನಕ್ಕು ಸಾಕಾಯಿತು. ಅಂದಿನಿಂದ ಆ ಚಾಳಿ ಅಂಗಡಿಗೇ ಅಂಟಿತು. “ಗುಂಡಿಯಕ್ಕ ಇವತ್ತು ಬಾರಳು, ಜ್ವರವಂತೆ.” “ಈ ಜೇಬು ನಾನು ಹೊಲಿಯೆ, ಯಾರು ಬೇಕಾದ್ರೂ ಹೊಲಿರಿ.” ಕಿಟಕಿಯ ಪಕ್ಕ ಕೂತು ಕೈಯಲ್ಲೇ ಗುಂಡಿ ಹಚ್ಚುವ ಗುಂಡಿಯಕ್ಕನಂಥ ಮೌನಿ ಕೂಡ ಚಹಾ ಬಂದಾಗ “ಸಕ್ಕರೆ ಇಲ್ವಾ? ಹಾಗಾದ್ರೆ ಕುಡಿಯೆ” ಎನ್ನತೊಡಗಿದಳು. ಮುಂದೆ ನನ್ನನ್ನು ಕಾಪಾಡಿದ್ದು ಇದೇ ಚಾಳಿ.

ನನ್ನದೊಂದು ಕಳ್ಳ ವ್ಯವಹಾರವಿತ್ತು. ನಾನೂ ಕಥೆ ಬರೆಯುತ್ತಿದ್ದೆ. ಬರೆಯುತ್ತಿದ್ದೆ ಎಂದರೆ ದೊಡ್ಡ ಮಾತಾಯಿತು. ಒಂದು ಕಥೆ ಶುರುಮಾಡಿ ಅದರ ಮುಂದೆ ಕೂತಿದ್ದೆ. ಒಬ್ಬ ಹೆಂಗಸು ಲೈಬ್ರರಿಗೆ ಬರುತ್ತಾಳೆ. ಅವಳ ಸವೆದ ಚಪ್ಪಲಿ, ಒಂದು ಕಿವಿ ಹರಿದ ಚೀಲ, ಕಪಾಟಿನ ಮುಂದೆ ನಿಂತು ಅವಳು ಕತ್ತು ಓರೆ ಮಾಡುವ ರೀತಿ, ಎಲ್ಲ ಬರೆದಿದ್ದೆ. ಕೊನೆಯ ಸಾಲು ಹೀಗಿತ್ತು: ‘ಅಂದೂ ಒಂದು ಪುಸ್ತಕ ಆರಿಸಿ, ಎದೆಗವಚಿಕೊಂಡು ಹೋದಳು.’

ಹೋದಳು. ಎಲ್ಲಿಗೆ ಹೋದಳು? ಬರೆದ ನನಗೇ ಗೊತ್ತಿರಲಿಲ್ಲ. ಅವಳನ್ನು ಬಸ್ಸು ಹತ್ತಿಸಿದೆ, ಇಳಿಸಿದೆ. ಹಳೆಯ ಗೆಳೆಯನೊಬ್ಬನನ್ನು ಎದುರಿಗೆ ತಂದೆ, ಅವನಿಗೂ ಆಡಲು ಮಾತಿರಲಿಲ್ಲ, ವಾಪಸ್ ಕಳಿಸಿದೆ. ಒಂದು ಸಲ ಸಿಟ್ಟಿಗೆದ್ದು ಅವಳನ್ನು ಸಾಯಿಸಿಯೂ ನೋಡಿದೆ; ಸತ್ತಮೇಲೂ ಅವಳ ಕಥೆ ಮುಂದಕ್ಕೆ ಹೋಗಲಿಲ್ಲ. ಪೆನ್ನು ಬದಲಾಯಿಸಿದೆ. ಮೇಜು ಒರೆಸಿದೆ. ಬರೆಯಲು ಕೂತಾಗ ಒರೆಸಿದ ಮೇಜನ್ನು ಇನ್ನೊಮ್ಮೆ ಒರೆಸುವಷ್ಟು ಶಿಸ್ತು ನನಗೆ ಬೇರೆ ಯಾವಾಗಲೂ ಬರುವುದಿಲ್ಲ. ಎಷ್ಟು ದುಬಾರಿ ಬಟ್ಟೆಯಾದರೂ ಹೆದರದೆ ಕತ್ತರಿ ಹಾಕುವವಳು, ಒಂದು ಬಿಳಿ ಹಾಳೆಯ ಮುಂದೆ ಬೆವರುತ್ತಿದ್ದೆ. ಮಧ್ಯಾಹ್ನ ಒಂದು ಒಳ್ಳೆಯ ಪುಸ್ತಕ ಓದಿ, ಆ ಸಂತೋಷದಲ್ಲಿ ಮನೆಗೆ ಬಂದು ನನ್ನ ಹಾಳೆ ತೆಗೆದರೆ ಇನ್ನೂ ಕಷ್ಟ. ಆ ಪುಸ್ತಕದ ವಾಕ್ಯಗಳು ಕಿವಿಯಲ್ಲಿ ಹಾಡುತ್ತಿದ್ದವು, ನನ್ನವು ಕೆಮ್ಮುತ್ತಿದ್ದವು. ಓದುವುದನ್ನೇ ಬಿಟ್ಟರೆ ಬರೆಯಲು ಬರಬಹುದೇನೋ ಎಂಬ ದುರ್ಬುದ್ಧಿಯೂ ಬಂದಿತ್ತು.

ಆ ಹೊತ್ತಿಗೆ ಆಸ್ಪತ್ರೆಯೊಂದರಿಂದ ಬಿಳಿ ಕೋಟುಗಳ ಕೆಲಸ ಬಂತು. ಮರುದಿನ ಸಂಜೆಗೆ ಬೇಕು, ಎಲ್ಲ ಬೇಕು. ಅಂದು ಬೆಳಗ್ಗೆ ಚಿಕ್ಕಮ್ಮ ನನ್ನ ಮೇಜಿನ ಬಳಿ ಬಂದು, “ಕತ್ತರಿ, ಮಧ್ಯಾಹ್ನಕ್ಕೆ ಬಿಳಿ ಪುಸ್ತಕ ತರೋಕೆ ಮರೆತುಬಿಟ್ಟೆ ಕಣೆ. ಮನೇಲಿ ಯಾವುದಾದ್ರೂ ಇದ್ರೆ ತಗೊಂಡ್ಬಾ. ನಿದ್ದೆ ಬರೋ ಥರದ್ದು. ಯಾರ ಕಾಲೂ ನಿಲ್ಲಬಾರದು” ಎಂದಳು.

ಊಟಕ್ಕೆ ಮನೆಗೆ ಹೋದವಳು ನನ್ನ ಹಾಳೆಗಳನ್ನು ತೆಗೆದೆ. ನಿದ್ದೆ ಬರುವಂಥದ್ದು ತಾನೇ ಬೇಕು? ಇದನ್ನು ಬರೆದವಳಿಗೇ ನಿದ್ದೆ ಬಂದಿದೆ. ಹಳೆಯ ಪುಸ್ತಕವೊಂದರ ರಟ್ಟಿನೊಳಗೆ ಹಾಳೆಗಳನ್ನು ಸೇರಿಸಿದೆ. ದಾರಿಯಲ್ಲಿ ನಡೆಯುತ್ತ ನನಗೆ ನಾನೇ ಒಂದು ಮಾತು ಕೊಟ್ಟುಕೊಂಡೆ. ಚಿಕ್ಕಮ್ಮನ ಅಂಗೈ ಗಾಲಿಯ ಮೇಲೆ ಬಂದರೆ ಬರೆಯುತ್ತೇನೆ. ಬರದಿದ್ದರೆ ಇವತ್ತಿಗೆ ಇದು ಮುಗಿಯಿತು. ನಾಳೆಯಿಂದ ಬಟ್ಟೆ ಕತ್ತರಿಸುವುದು, ಬೇರೆಯವರು ಬರೆದದ್ದನ್ನು ಓದುವುದು, ಅಷ್ಟೇ. ಇಷ್ಟು ಚಿಕ್ಕ ವಿಷಯಕ್ಕೆ ಎದೆ ಇಷ್ಟೊಂದು ಹೊಡೆದುಕೊಳ್ಳಬಾರದು ಎಂದು ಅಂದುಕೊಂಡೆ, ಆದರೆ ಅದು ಹೊಡೆದುಕೊಳ್ಳುತ್ತಲೇ ಇತ್ತು.

ಓದಲು ಶುರುಮಾಡಿದೆ. ಮಷಿನ್ನುಗಳು ಓಡಿದವು. ಅವಳ ಚಪ್ಪಲಿ ಓದಿದೆ, ಓಡಿದವು. ಕಿವಿ ಹರಿದ ಚೀಲ ಓದಿದೆ, ಇನ್ನಷ್ಟು ಜೋರಾಗಿ ಓಡಿದವು. ಇಷ್ಟು ಸೊಗಸಾಗಿ, ಒಂದು ತೊಡಕೂ ಇಲ್ಲದೆ ನಮ್ಮ ಅಂಗಡಿಯಲ್ಲಿ ಎಂದೂ ಹೊಲಿಗೆ ನಡೆದಿರಲಿಲ್ಲ. ಕೋಟಿನ ತೋಳುಗಳು ಬುಟ್ಟಿಗೆ ಬೀಳುತ್ತಿದ್ದವು. ಚಿಕ್ಕಮ್ಮನ ಮುಖದಲ್ಲಿ ಕೆಲಸ ಸಾಗುತ್ತಿರುವ ನೆಮ್ಮದಿ ಬಿಟ್ಟರೆ ಬೇರೇನೂ ಇರಲಿಲ್ಲ. ಗುಂಡಿಯಕ್ಕ ಆಕಳಿಸಿದಳು. ನನ್ನ ಮುಖ ಬಿಸಿಯಾಯಿತು. ಅಳು ಬರುವ ಮುಂಚೆ ಮುಗಿಸಿಬಿಡೋಣವೆಂದು ಕೊನೆಯ ಸಾಲಿಗೆ ಬಂದೆ. ದನಿ ಉಡುಗಿತ್ತು. “ಅಂದೂ ಒಂದು ಪುಸ್ತಕ ಆರಿಸಿ, ಎದೆಗವಚಿಕೊಂಡು ಹೋದಳು” ಎಂದೆ.

ಟಕ್ ಎಂದು ಒಂದು ಮಷಿನ್ ನಿಂತಿತು. ಕಾಲರಮ್ಮನದು.

“ಏನು? ಓದಳಾ?” ಎಂದಳು.

ನನಗೆ ಅರ್ಥವಾಗಲಿಲ್ಲ.

“ಪುಸ್ತಕ ಎದೆಗವಚ್ಕೊಂಡು ಓದಳು ಅಂದ್ಯಲ್ಲ. ಅಷ್ಟು ದೂರ ಹೋಗಿ, ಅಷ್ಟು ಹುಡುಕಿ ತಂದು, ಮಗು ಥರ ತಬ್ಕೊಂಡು, ಓದಲ್ವಾ? ಯಾಕಂತೆ?”

‘ಹ’ ಎನ್ನುವುದು ಅಕ್ಷರವೆಂದರೆ ಅಕ್ಷರ, ಬರೀ ಉಸಿರೆಂದರೆ ಉಸಿರು. ಗದ್ದಲವಿರುವ ಕಡೆ ಮೊದಲು ಕಳೆದುಹೋಗುವುದು ಅದೇ. ನನ್ನ ಉಡುಗಿದ ದನಿಯಿಂದ ಹೊರಟ ಹಕಾರವನ್ನು ಮಷಿನ್ನುಗಳು ನುಂಗಿ, ಮಿಕ್ಕದ್ದನ್ನು ಮಾತ್ರ ಕಾಲರಮ್ಮನಿಗೆ ಮುಟ್ಟಿಸಿದ್ದವು. ಬಾರಳು, ಕುಡಿಯೆ, ಹೊಲಿಯೆ ಎಂದು ಪಳಗಿದ್ದ ಅವಳ ಕಿವಿಗೆ ‘ಓದಳು’ ಎಂದರೆ ಓದುವುದಿಲ್ಲ ಎಂದು ಸಲೀಸಾಗಿ ಕೇಳಿಸಿತ್ತು.

‘ಓದಳು ಅಲ್ಲ ಅಕ್ಕ, ಹೋದಳು’ ಎಂದು ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೊಂದು ಮಷಿನ್ ನಿಂತಿತ್ತು.

“ಅಕ್ಷರ ಬಾರದೇನೋ ಪಾಪ” ಎಂದಿತು ಆ ಕಡೆಯ ದನಿ.

“ಅಕ್ಷರ ಬಾರದವಳು ಲೈಬ್ರರಿಗೆ ಯಾಕೆ ಹೋಗ್ತಾಳೆ? ಕನ್ನಡಕ ಒಡೆದಿರುತ್ತೆ.”

“ಕನ್ನಡಕ ಒಡೆದವಳು ಪುಸ್ತಕ ಹುಡುಕಿದ್ದು ಹೇಗೆ? ಮನೇಲಿ ಯಾರೋ ಬೈತಾರೆ. ಓದೋಕೆ ಬಿಡಲ್ಲ.”

“ಬೈದ್ರೆ ಬೈಸ್ಕೊಂಡು ಓದಬೇಕಪ್ಪ. ನಾನು ಬೈಸ್ಕೊಂಡೇ ಕಲಿತಿದ್ದು” ಎಂದಳು ಕಾಲರಮ್ಮ. ಗುಂಡಿಯಕ್ಕ ಸೂಜಿಯನ್ನು ಗಾಳಿಯಲ್ಲೇ ಹಿಡಿದು, “ಮುಂದೆ ಓದು, ಗೊತ್ತಾಗುತ್ತೆ” ಎಂದಳು.

ಮುಂದೆ ಓದಲು ಹಾಳೆಯಲ್ಲಿ ಏನೂ ಇರಲಿಲ್ಲ. ಎಷ್ಟೋ ದಿನಗಳಿಂದ ನನ್ನನ್ನು ಹೆದರಿಸುತ್ತಿದ್ದ ಅದೇ ಬಿಳಿ ಜಾಗ. ಆದರೆ ಈಗ ಅದರ ಆಚೆ ಇಷ್ಟು ಜನ ಕಾಯುತ್ತಿದ್ದರು. ಅವಳು ಎಲ್ಲಿಗೆ ಹೋದಳು ಎಂದು ನನ್ನನ್ನು ನಾನು ಕೇಳಿಕೊಂಡಾಗಲೆಲ್ಲ ಉತ್ತರ ಹೊಳೆದಿರಲಿಲ್ಲ. ಯಾಕೆ ಓದಳು ಎಂದು ಇವರು ಕೇಳಿದ ತಕ್ಷಣ, ಉತ್ತರ ಗೊತ್ತಿಲ್ಲದಿದ್ದರೂ, ಅವಳು ಎಲ್ಲಿಗೆ ಹೋದಳೆಂದು ತಿಳಿದುಹೋಯಿತು. ಮನೆಗೆ ಹೋದಳು. ಬೇರೆಲ್ಲಿಗೆ ಹೋಗುತ್ತಾಳೆ, ನನ್ನ ಕರ್ಮ!

ಖಾಲಿ ಹಾಳೆ ನೋಡಿಕೊಂಡೇ ಓದಿದೆ. “ಮನೆಗೆ ಬಂದು ಪುಸ್ತಕವನ್ನು ಊಟದ ಮೇಜಿನ ಮೇಲಿಟ್ಟಳು. ಓದಳು. ನೀರು ಸಿಡಿಯಬಾರದೆಂದು ಅಡುಗೆ ಮಾಡುವಾಗ ದೂರ ಸರಿಸಿದಳು. ಊಟಕ್ಕೆ ಕೂತಾಗ ಎದುರಿನ ಕುರ್ಚಿಯ ಮುಂದಕ್ಕೆ, ಅಲ್ಲಿ ಯಾರೋ ಕೂತಿದ್ದಾರೆ ಎನ್ನುವ ಹಾಗೆ ಜರುಗಿಸಿದಳು. ತೆರೆಯಳು.”

ಎದುರಿನ ಕುರ್ಚಿ ನನ್ನ ಬಾಯಿಂದ ಹೇಗೆ ಬಂತೋ ನನಗೇ ತಿಳಿಯದು. ತಲೆ ಎತ್ತಿ ನೋಡಿದರೆ ಚಿಕ್ಕಮ್ಮನ ಅಂಗೈ ಗಾಲಿಯ ಮೇಲಿತ್ತು.

ಆ ಸಂತೋಷವನ್ನು ಹೇಗೆ ಹೇಳುವುದು? ಕಿವಿ ಗುಂಯ್ ಎಂದಿತು, ಸ್ಟೂಲಿನಿಂದ ಬೀಳುತ್ತೇನೇನೋ ಎಂದು ಮೇಜು ಹಿಡಿದುಕೊಂಡೆ. ಹಾಗೇ ಇನ್ನೂ ಸ್ವಲ್ಪ ‘ಓದಿದೆ’. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಇನ್ನೊಂದು ಬಂದು ನಿಲ್ಲುತ್ತಿತ್ತು. ಕೊನೆಗೆ ‘ಅವಳು ಓದದಿರಲು ಕಾರಣ ಇಷ್ಟೇ’ ಎಂಬಲ್ಲಿಗೆ ಬಂದು, ಆ ಕಾರಣ ನನಗೂ ಗೊತ್ತಿಲ್ಲದ್ದರಿಂದ, ರಟ್ಟು ಮುಚ್ಚಿ, “ಇವತ್ತಿಗೆ ಇಷ್ಟು. ಕೋಟು ಹೊಲೀರಿ” ಎಂದೆ. ಕಾಲರಮ್ಮ ನನ್ನ ಮೇಲೆ ದಾರದ ಉಂಡೆ ಎಸೆದಳು.

ಸಂಜೆ ಎಲ್ಲರೂ ಹೊರಟ ಮೇಲೆ ಚಿಕ್ಕಮ್ಮ ಮಷಿನ್ನುಗಳಿಗೆ ಎಣ್ಣೆ ಬಿಡುತ್ತ, ನನ್ನ ಕಡೆ ನೋಡದೆಯೇ ಕೇಳಿದಳು.

“ಆ ಚೀಲ, ಚಪ್ಪಲಿ ಮುಗಿದ್ಮೇಲೆ ನೀನು ಪುಟ ತಿರುಗಿಸ್ಲೇ ಇಲ್ವಲ್ಲ?”

ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಮುಖ ನನ್ನದಲ್ಲ. ಹಾಳೆಗಳನ್ನು ಅವಳ ಮುಂದಿಟ್ಟೆ. ಅವಳು ಕೈಗೆ ಎಣ್ಣೆಯಾಗಿದೆಯೆಂದು ಮುಟ್ಟದೆ, ಬಗ್ಗಿ, ನನ್ನ ಕೈಬರಹವನ್ನು ನೋಡಿದಳು. ನಂತರ ನನ್ನನ್ನು ನೋಡಿದಳು. ಹೊಗಳುತ್ತಾಳೆಂದು ಕಾದೆ.

“ಅವಳು ಯಾಕೆ ಓದಲ್ಲ ಅಂತ ನಿನಗೆ ಗೊತ್ತಾ?”

“ಇಲ್ಲ ಚಿಕ್ಕಮ್ಮ.”

“ತಿಳ್ಕೊಂಡು ಬಾ. ನಾಳೆ ನನಗೆ ಹೇಳದಿದ್ರೆ ನಿನ್ನ ಸುಮ್ನೆ ಬಿಡಲ್ಲ” ಎಂದಳು. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಈವರೆಗೆ ಸಿಕ್ಕಿಲ್ಲ.

ಮನೆಯ ದಾರಿಯಲ್ಲಿ ಲೈಬ್ರರಿ. ಚಿಕ್ಕಮ್ಮ ಒಳಗೆ ಹೋದಳು, ನಾನೂ ಹಿಂದೆ ಹೋದೆ. ಕಪಾಟಿನ ಮುಂದೆ ನಿಂತು ಕತ್ತು ಓರೆ ಮಾಡಿದಳು. ಒಂದೊಂದೇ ಪುಸ್ತಕವನ್ನು ಅಡ್ಡ ಹಿಡಿದು ಅಂಚು ನೋಡಿದಳು. ಒಳ್ಳೇ ಕೊಳೆಯಾದದ್ದೊಂದನ್ನು ಆರಿಸಿ, ಮುದ್ರೆ ಹಾಕಿಸಿಕೊಂಡು, ಎದೆಗವಚಿಕೊಂಡು ಹೊರಟಳು. ಅವಳ ಚೀಲದ ಒಂದು ಕಿವಿ ಹರಿದಿತ್ತು. ಊರಿಗೆಲ್ಲ ಹೊಲಿದುಕೊಡುವವಳಿಗೆ ಅದನ್ನು ಹೊಲಿದುಕೊಳ್ಳಲು ಪುರುಸೊತ್ತಿರಲಿಲ್ಲ. ಅವಳ ಹಿಂದೆ ಹೆಜ್ಜೆ ಹಾಕುತ್ತಿದ್ದ ನಾನು ದಾರಿಯ ಮಧ್ಯೆಯೇ ನಿಂತೆ. ಕಲ್ಪಿಸಿ ಬರೆದೆನೆಂದು ಬೀಗುತ್ತಿದ್ದ ಹೆಂಗಸು ನನ್ನ ಮುಂದೆಯೇ ನಡೆಯುತ್ತಿದ್ದಳು. ಚಿಕ್ಕಂದಿನಿಂದ ನೋಡಿದ್ದನ್ನೇ ನೋಡಿರಲಿಲ್ಲ ನಾನು.

ಓಡಿ ಅವಳನ್ನು ಸೇರಿಕೊಂಡೆ. “ಚಿಕ್ಕಮ್ಮ, ಪುಸ್ತಕ ಹೇಗೂ ನಿನ್ನ ಮನೇಲೇ ಇರುತ್ತಲ್ಲ. ನಾನು ಅರ್ಧಕ್ಕೆ ನಿಲ್ಲಿಸಿದ ದಿನ ಮುಂದೇನಾಯ್ತು ಅಂತ ನೀನೇ ಓದ್ಕೊಬಹುದಲ್ಲ?”

“ಕೆಲಸ ಮುಗಿಸೋ ಹೊತ್ತಿಗೆ ಕಣ್ಣು ಉರಿಯುತ್ತೆ.”

“ಭಾನುವಾರ?”

ಅವಳು ಅಂಗಿಯ ಅಳತೆ ಹೇಳುವ ದನಿಯಲ್ಲೇ ಹೇಳಿದಳು.

“ಒಂದ್ಸಲ ಓದಿದ್ದೆ. ನಿಮ್ಮ ಚಿಕ್ಕಪ್ಪ ಹೋದ್ಮೇಲೆ. ಅವರು ಅರ್ಧ ಓದಿಟ್ಟ ಪುಸ್ತಕ, ಮುಗಿಸಿಬಿಡೋಣ ಅಂತ. ಒಂದು ಕಡೆ ತಡೆಯಲಾರದಷ್ಟು ನಗು ಬಂತು. ನಕ್ಕೊಂಡು ತಲೆ ಎತ್ತಿದೆ, ಗೋಡೆ ಇತ್ತು.” ಪುಸ್ತಕವನ್ನು ಈ ತೋಳಿನಿಂದ ಆ ತೋಳಿಗೆ ಬದಲಾಯಿಸಿದಳು. “ಗೋಡೆ ಇದ್ದೇ ಇರುತ್ತೆ, ಅದಕ್ಕೇನು. ಆದ್ರೆ ಅವತ್ತು ಮುಚ್ಚಿಟ್ಟೆ, ಮತ್ತೆ ತೆಗೆಯೋಕೆ ಆಗ್ಲಿಲ್ಲ. ಅಂಗಡೀಲಿ ನೀನು ಓದೋವಾಗ ಪರವಾಗಿಲ್ಲ. ತಲೆ ಎತ್ತಿದ್ರೆ ಕಾಲರಮ್ಮ ಇರ್ತಾಳೆ.”

ಅವಳ ಹರಿದ ಚೀಲವನ್ನು ಇಸಿದುಕೊಂಡು ನಾನೇ ಹೊತ್ತೆ.

ಮರುದಿನ ಬೆಳ್ಳಂಬೆಳಗ್ಗೆ ಎದ್ದು ಬರೆದೆ. ಮೇಜು ಒರೆಸಲಿಲ್ಲ. ಕೈ ನೋಯುವಷ್ಟು ವೇಗವಾಗಿ ವಾಕ್ಯಗಳು ಬಂದವು, ಇಷ್ಟು ವರ್ಷ ಗಟ್ಟಿಯಾಗಿ ಓದಿದ್ದ ಪುಸ್ತಕಗಳೆಲ್ಲ ಬೆನ್ನ ಹಿಂದೆ ನಿಂತು ತಳ್ಳುತ್ತಿರುವ ಹಾಗೆ. ಓದಿದ್ದು ನನ್ನ ಬರಹಕ್ಕೆ ಅಡ್ಡ ಬಂದಿರಲೇ ಇಲ್ಲ. ಯಾವ ಮಾತಿಗೆ ಯಾವ ಮಷಿನ್ ನಿಲ್ಲುತ್ತದೆ, ಎಲ್ಲಿ ಗುಂಡಿಯಕ್ಕ ಆಕಳಿಸುತ್ತಾಳೆ ಎಂದು ಅವು ನನಗೆ ದಿನವೂ ಹೇಳಿಕೊಡುತ್ತಿದ್ದವು. ಹೆದರಿಕೆ ಇದ್ದದ್ದು ಒಂದೇ. ನಗು, ತಲೆ ಎತ್ತುವುದು, ಗೋಡೆ, ಎಲ್ಲವನ್ನೂ ಬರೆದಿದ್ದೆ. ಇದನ್ನು ಅವಳ ಮುಂದೆ, ಅಷ್ಟು ಜನರ ಮುಂದೆ, ಹೇಗೆ ಓದುವುದು?

ಅಂದು ನನಗೆ ಕತ್ತರಿಸುವ ಕೆಲಸ ಇರಲಿಲ್ಲ, ಎಲ್ಲ ತುಂಡುಗಳೂ ಹಂಚಿಯಾಗಿದ್ದವು. ಆದರೂ ಚಿಕ್ಕಮ್ಮ ಕಟ್ಟಪ್ಪಣೆ ಮಾಡಿದಳು: “ಮೊದಲು ಕೋಟು, ಆಮೇಲೆ ಕಥೆ.” ಆ ದಿನ ಮಷಿನ್ನುಗಳು ಓಡಿದ್ದನ್ನು ಕಂಡರೆ ಎಂಥ ಬಿಳಿ ಪುಸ್ತಕವೂ ನಾಚಬೇಕು. ಊಟದ ಹೊತ್ತು ಮೀರುವ ಮುಂಚೆ ಕೊನೆಯ ಕೋಟಿನ ಕೊನೆಯ ಗುಂಡಿಗೆ ದಾರ ಸುತ್ತಿ ಗುಂಡಿಯಕ್ಕ ಹಲ್ಲಿನಿಂದ ಕಡಿದಳು.

“ಈಗ ಹೇಳು. ಯಾಕೆ ಓದಳು?” ಎಂದಳು ಕಾಲರಮ್ಮ, ಕುರ್ಚಿಯನ್ನೇ ನನ್ನ ಕಡೆ ತಿರುಗಿಸಿಕೊಂಡು.

ಎಲ್ಲ ಮಷಿನ್ನುಗಳೂ ನಿಂತಿದ್ದವು. ಇಷ್ಟು ಮೌನದಲ್ಲಿ ಆ ಕೋಣೆಯಲ್ಲಿ ನಾನು ಎಂದೂ ಓದಿರಲಿಲ್ಲ. ಎದುರಿನ ಕುರ್ಚಿಯವರೆಗೆ ಸರಾಗವಾಗಿ ಬಂದೆ. “ಒಂದು ದಿನ ಅವಳು ಪುಸ್ತಕ ತೆರೆದಳು. ಅದರೊಳಗೊಬ್ಬ ಪೆದ್ದನಿದ್ದ, ಅವನ ಮಾತಿಗೆ ಅವಳಿಗೆ ನಗು ಬಂತು. ಜೋರಾಗಿ ನಕ್ಕಳು. ನಗುತ್ತಲೇ ತಲೆ ಎತ್ತಿ…”

ಅಲ್ಲಿಗೆ ನಿಂತೆ. ಮುಂದಿನ ಪದ ಕಣ್ಣಿಗೆ ಕಾಣುತ್ತಿತ್ತು, ಬಾಯಿಗೆ ಬರಲಿಲ್ಲ. ಚಿಕ್ಕಮ್ಮನ ಕಡೆ ನೋಡುವ ಧೈರ್ಯವೂ ಇರಲಿಲ್ಲ. ಎಲ್ಲರೂ ಕಾದರು. ನಾನು ಕೆಮ್ಮಿದೆ, ನೀರು ಕುಡಿದೆ, ಮತ್ತೆ ಹಾಳೆ ಎತ್ತಿದೆ, ಮತ್ತೆ ಇಳಿಸಿದೆ.

ಚಿಕ್ಕಮ್ಮ ಎದ್ದು ಬಂದಳು. ಒಂದು ಮಾತೂ ಆಡದೆ ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡಳು. ಮಷಿನ್ನಿಗೆ ಎಣ್ಣೆ ಬಿಟ್ಟ ಕೈ ಒರೆಸಿಕೊಳ್ಳುವುದನ್ನೂ ಮರೆತಿದ್ದಳು. ನಾನು ಸ್ಟೂಲಿನಿಂದ ಇಳಿದೆ, ಅವಳು ಹತ್ತಿ ಕೂತಳು. ನಾನು ಹೋಗಿ ಅವಳ ಮಷಿನ್ನಿನ ಮುಂದೆ ಕೂತೆ.

“ತಲೆ ಎತ್ತಿ ನೋಡಿದಳು. ಗೋಡೆ ಇತ್ತು” ಎಂದು ಓದಿದಳು.

ಮೊದಲು ಅಕ್ಷರಗಳಿಗೆ ಎಡವಿದಳು. ಆಮೇಲೆ ದನಿಗೆ ದಾರಿ ಸಿಕ್ಕಿತು. ಅಲ್ಪವಿರಾಮ ಬಂದಲ್ಲಿ ಒಂದು ಕ್ಷಣ ತಡೆದು, ಮುಂದಿನ ಮಾತನ್ನು ನಮ್ಮ ಕೈಗೆ ಕೊಟ್ಟ ಹಾಗೆ ಓದುವ ರೀತಿ ಚಿಕ್ಕಪ್ಪನದು. ಅದು ಅವಳೊಳಗೆ ಅಷ್ಟು ವರ್ಷ ಜೋಪಾನವಾಗಿತ್ತು. ಕಾಲರಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವಳು ಚಿಕ್ಕಪ್ಪನ ಕಾಲದಿಂದ ಅಲ್ಲಿದ್ದವಳು. ನನ್ನ ವಾಕ್ಯಗಳು ನನ್ನವೇ ಅನ್ನಿಸಲಿಲ್ಲ, ಅವು ಅಷ್ಟು ಚೆಂದ ಕೇಳಿಸುತ್ತಿದ್ದವು. ಚಿಕ್ಕಮ್ಮನ ಮೇಲೆ ನನಗೆ ಆಗ ಉಕ್ಕಿದ್ದು ಪ್ರೀತಿಯೋ, ಬೆರಗೋ, ಎರಡೂ ಸೇರಿದ್ದೋ ತಿಳಿಯದು. ನಾನು ಅವಳ ಗಾಲಿಯ ಮೇಲೆ ಅಂಗೈ ಇಟ್ಟು ಕೂತಿದ್ದೆ.

ಕೊನೆಯ ಸಾಲಿಗೆ ಬಂದಳು. “ಮುಂದಿನ ವಾರವೂ ಲೈಬ್ರರಿಗೆ ಹೋದಳು. ಒಂದು ಪುಸ್ತಕ ಆರಿಸಿ ಎದೆಗವಚಿಕೊಂಡಳು. ಓದಳು.”

ಓದಿ ಮುಗಿಸಿ ಅವಳು ತಲೆ ಎತ್ತಿದಳು. ಎದುರಿಗೆ ನಾವೆಲ್ಲ ಇದ್ದೆವು. ಗುಂಡಿಯಕ್ಕ ಬಿಕ್ಕುತ್ತಿದ್ದಳು, ಕಾಲರಮ್ಮ ಹೊಸ ಕೋಟಿನ ತೋಳಿನಲ್ಲಿ ಮೂಗು ಒರೆಸುವುದರಲ್ಲಿದ್ದಳು. “ಏಯ್, ಆಸ್ಪತ್ರೆಯವರ ಕೋಟು!” ಎಂದು ಚಿಕ್ಕಮ್ಮ ಗದರಿದಳು, ಗದರಿದ ಬೆನ್ನಿಗೇ ನಗು ಬಂತು ಅವಳಿಗೆ. ಒಬ್ಬೊಬ್ಬರ ಮುಖವನ್ನೂ ನೋಡುತ್ತ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ನಗು ಇಳಿದ ಮೇಲೆ ಇನ್ನೊಮ್ಮೆ ಹಾಳೆ ನೋಡಿದಳು. “ಕತ್ತರಿ, ಒಂದಕ್ಷರ ಬಿಟ್ಟಿದೀಯ” ಎಂದಳು.

ಬಟ್ಟೆಗೆ ಗುರುತು ಹಾಕುವ ನನ್ನ ಪೆನ್ಸಿಲ್ಲನ್ನೇ ಮೇಜಿನಿಂದ ತೆಗೆದುಕೊಂಡು, ಕೊನೆಯ ಪದದ ‘ಓ’ ಆದ ಮೇಲೆ ಒಂದು ಗುರುತು ಹಾಕಿ, ಮೇಲುಗಡೆ ಪುಟ್ಟದಾಗಿ ‘ದಿ’ ಎಂದು ಬರೆದು, ಹಾಳೆಯನ್ನು ನನ್ನ ಕೈಗೆ ಕೊಟ್ಟಳು. ಪಕ್ಕದಲ್ಲಿ ಅವಳ ಹೆಬ್ಬೆರಳಿನ ಎಣ್ಣೆಯ ಗುರುತು ಕಪ್ಪಗೆ ಮೂಡಿತ್ತು.